ಎಂಟು ಡಬ್ಬಿಯ ಪಂಕ್ತಿ

ಕಾರಿನ ಬಾಗಿಲು ಹಾಕಿಕೊಳ್ಳಲಿಲ್ಲ. ಮನೆಯ ಬಾಗಿಲುಗಳು ಮಾತ್ರ ಆ ಎರಡು ತಿಂಗಳು ಹಿಂದೆಂದೂ ಇಲ್ಲದಷ್ಟು ಜೋರಾಗಿ ಹಾಕಿಕೊಂಡವು. ಅಪ್ಪ ಹೊರಗೆ ಹೋದರೆ ದಡಾರ್, ಮಗ ಒಳಗೆ ಬಂದರೆ ದಡಾರ್. ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಅಪ್ಪನ ಹೆಂಡತಿ, ಅಂದರೆ ಸೊಸೆಯ ಅತ್ತೆ, ಆ ಕೊರತೆಯನ್ನು ಪಾತ್ರೆ ಕುಕ್ಕಿ ತುಂಬಿಕೊಳ್ಳುತ್ತಿದ್ದಳು.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ, ತುಕ್ಕು ಕಳೆದು, ಮತ್ತೆ ಜೋಡಿಸಿ ಓಡುವಂತೆ ಮಾಡುವುದು ಈ ಮನೆಯ ಕಸುಬು. ಅಪ್ಪ ಬಾಡಿ ಕೆಲಸದವನು. ಮರದ ಕೊಡತಿಯಿಂದ ತಟ್ಟಿ ತಟ್ಟಿ ನೆಗ್ಗು ತೆಗೆಯುತ್ತಿದ್ದುದರಿಂದ ಬೀದಿಯವರು ಅವನನ್ನು ಕೊಡತಿ ಮೇಸ್ತ್ರಿ ಎನ್ನುತ್ತಿದ್ದರು. ತಗಡಿನಲ್ಲಿ ತೆಗೆದ ನೆಗ್ಗನ್ನೆಲ್ಲ ಅವನು ಮಾತಿನಲ್ಲಿ ಮನೆಯವರ ಮೇಲೆ ಹಾಕುತ್ತಿದ್ದ. ಮಗ ಕಾರಿಗೆ ಬಣ್ಣ ಹೊಡೆಯುವ ಪೇಂಟರ್. ಸೊಸೆ ಸೀಟು ಹೊಲಿಯುವವಳು. ಬಾಗಿಲ ಒಳಹೊದಿಕೆ, ಸುತ್ತಲಿನ ರಬ್ಬರಿನ ಪಟ್ಟಿ ಎಲ್ಲ ಅವಳದೇ. ಅವಳ ಮಗಳಿಗೆ ಹದಿಮೂರು ವರ್ಷ. ಬಾಯಿ ಬಿಟ್ಟರೆ ಸಿಡಿಯುತ್ತಾಳೆಂದು ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು.

ಕಾರು ಒಬ್ಬ ಹಲ್ಲಿನ ಡಾಕ್ಟರಮ್ಮನದು. ಅವಳ ತಂದೆ ಓಡಿಸುತ್ತಿದ್ದದ್ದು, ಮೂವತ್ತು ವರ್ಷ ನಿಂತಲ್ಲೇ ನಿಂತದ್ದು. "ಅಮ್ಮ ಬದುಕಿರೋವಾಗಲೇ ಒಂದು ಸಲ ಇದರಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಬೇಕು, ಮೇಸ್ತ್ರಿ," ಎಂದು ಅವಳು ತಂದುಬಿಟ್ಟಿದ್ದಳು. ಚಾಸಿಯಿಂದ, ಅಂದರೆ ಚಕ್ರಗಳ ಮೇಲಿನ ಉಕ್ಕಿನ ಚೌಕಟ್ಟಿನಿಂದ, ಬಾಡಿಯನ್ನು ಎತ್ತಿ, ತುಕ್ಕು ಹಿಡಿದ ತಳವನ್ನು ಹೊಸದು ಮಾಡಿ, ಎಂಟು ತಿಂಗಳ ನಂತರ ಮತ್ತೆ ಚಾಸಿಯ ಮೇಲೆ ಕೂರಿಸಿದರು. ಇಂಜಿನ್ ಒಳಗಿಳಿಸಿ, ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಬಾಗಿಲು ತೂಗುಹಾಕಿ ತಳ್ಳಿದರೆ ಡ್ರೈವರ್ ಕಡೆಯದು ಕೆಳಮೂಲೆಯಲ್ಲಿ ಬಾಗಿಲ ಚೌಕಟ್ಟಿನ ಕಂಬಕ್ಕೆ ಕಚ್ಚಿಕೊಂಡು ನಿಂತಿತು. ಆಚೆ ಬದಿಯದು ಮುಚ್ಚಿತು, ಆದರೆ ಮೇಲೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿತು.

"ಕೀಲು ಸರಿಯಿಲ್ಲ," ಎಂದ ಮೇಸ್ತ್ರಿ.

"ಕೀಲು ಹೊಸದು. ನಾನೇ ತಂದಿದ್ದು," ಎಂದ ಪೇಂಟರ್.

"ಅದಕ್ಕೇ ಸರಿಯಿಲ್ಲ."

"ಬಾಡಿ ಕೆಳಗೆ ಬಿಲ್ಲೆ ಸರಿಯಾಗಿ ಹಾಕಿದ್ರಾ ಅಪ್ಪ?"

"ಡಬ್ಬಿಲಿ ಇದ್ದ ಹಾಗೇ ಹಾಕಿದೀನಿ. ನನ್ನ ಡಬ್ಬಿ ಸುದ್ದಿಗೆ ಬರಬೇಡ. ಈ ನೆಲ ಡೊಂಕು, ಕಾರು ಸಮ ನಿಂತಿಲ್ಲ."

ಪೇಂಟರ್ ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಣ್ಣು ತೋರಿಸ್ಕೊಳ್ಳಿ ಅಂದ್ರೆ ನೆಲ ತೋರಿಸ್ತೀರಲ್ಲ!"

ಮೇಸ್ತ್ರಿ ಕೊಡತಿಯನ್ನು ಬೆಂಚಿನ ಮೇಲೆ ಕುಕ್ಕಿದ. ಅವನ ಕಣ್ಣಿಗೆ ಪೊರೆ ಬಂದಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆಡುವ ಧೈರ್ಯ ಇಷ್ಟು ದಿನ ಯಾರಿಗೂ ಇರಲಿಲ್ಲ.

ಬಿಲ್ಲೆ ಅಂದರೆ ಹಳೆಯ ರೂಪಾಯಿಯಷ್ಟು ಅಗಲದ, ನಡುವೆ ತೂತಿರುವ ತಗಡಿನ ತುಂಡು. ಚಾಸಿಗೂ ಬಾಡಿಗೂ ನಡುವೆ ಎಂಟು ಕಡೆ ಬೋಲ್ಟು. ಒಂದೊಂದು ಬೋಲ್ಟಿನ ಕೆಳಗೂ ರಬ್ಬರಿನ ಜೊತೆ ಇಂಥ ಒಂದಷ್ಟು ಬಿಲ್ಲೆ. ಬಾಡಿ ಎತ್ತುವಾಗ ಮೇಸ್ತ್ರಿ ಒಂದೊಂದು ಬೋಲ್ಟಿನ ಬಿಲ್ಲೆಗಳನ್ನು ಒಂದೊಂದು ಹಾಲುಪುಡಿ ಡಬ್ಬಿಗೆ ಹಾಕಿ, ಎಂಟು ಡಬ್ಬಿಯನ್ನೂ ಶೆಡ್ಡಿನ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಗೋಡೆ ಕಡೆಯ ಮೊದಲನೆಯದು ಡ್ರೈವರ್ ಕಡೆಯ ಮುಂದಿನ ಬೋಲ್ಟಿನದು, ಹಾಗೇ ಮುಂದಕ್ಕೆ. ಬರೆದಿಡುವ ಅಭ್ಯಾಸ ಅವನದಲ್ಲ. ಯಾರಿಗಾದರೂ ಹೇಳುವ ಅಭ್ಯಾಸವಂತೂ ಮೊದಲೇ ಇಲ್ಲ.

ಆ ಕಿಟಕಿಯ ಕಥೆ ಬೇರೆಯೇ ಇತ್ತು. ಶೆಡ್ಡಿಗೆ ಅದೊಂದೇ ಕಿಟಕಿ, ಅದರ ಬುಡಕ್ಕೆ ಮೇಸ್ತ್ರಿಯ ಬೆಂಚು. ಸೊಸೆಯ ಹೊಲಿಗೆ ಮಿಷನ್ ಹದಿನಾಲ್ಕು ವರ್ಷದಿಂದ ಬಚ್ಚಲ ಪಕ್ಕದ ಓಣಿಯಲ್ಲಿ, ಒಂದು ಬಲ್ಬಿನ ಕೆಳಗೆ. ಯಾರಾದರೂ ಸ್ನಾನಕ್ಕೆ ಹೋದರೆ ಬಟ್ಟೆಗೆ ನೀರು ಸಿಡಿಯುತ್ತದೆಂದು ಅವಳು ಎದ್ದು ನಿಲ್ಲಬೇಕು.

"ಮಾವ, ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಹೊಲಿಯೋದು. ಕಿಟಕಿ ಹತ್ರ ಒಂದು ಮೊಳ ಜಾಗ ಕೊಡಿ," ಎಂದು ಕೇಳಿದ್ದಳು. ಒಮ್ಮೆಯಲ್ಲ, ವರ್ಷಕ್ಕೆ ಎರಡು ಸಲದ ಲೆಕ್ಕದಲ್ಲಿ.

"ಹೊಲಿಗೆಗೆ ಬೇಕಾದ್ದು ಬೆರಳು, ಬೆಳಕಲ್ಲ," ಎನ್ನುತ್ತಿದ್ದ ಅವನು.

ನಾಲ್ಕು ತಿಂಗಳ ಹಿಂದೆ ಅವನು ಕಣ್ಣಿನ ಆಸ್ಪತ್ರೆಗೆ ಹೋದ ದಿನ ಅವಳು ಹಟಕ್ಕೆ ಬಿದ್ದಳು. ಪಟಾಕಿಯ ಕೈಲಿ ಒಂದು ಬದಿ ಹಿಡಿಸಿ ಮಿಷನ್ನನ್ನು ಕಿಟಕಿಗೆ ತಂದಳು. ಕಿಟಕಿಕಟ್ಟೆಯ ಮೇಲೆ ಜಿಡ್ಡುಗಟ್ಟಿದ ಡಬ್ಬಿಗಳು. ಬಿಳಿ ಸೀಟಿನ ಬಟ್ಟೆ ಇಡುವ ಜಾಗದಲ್ಲಿ ಈ ಕೊಳಕೇ ಎಂದು ಎಂಟೂ ಡಬ್ಬಿಯನ್ನು ಒಂದು ಬೋಗುಣಿಗೆ ಸುರುವಿ, ಸೀಮೆಎಣ್ಣೆಯಲ್ಲಿ ನೆನೆಸಿ, ಒಂದೊಂದೇ ಬಿಲ್ಲೆಯನ್ನು ಉಜ್ಜಿ ಒರೆಸಿದಳು. ಎಣಿಸಿದರೆ ಇಪ್ಪತ್ತನಾಲ್ಕು. ಡಬ್ಬಿ ಎಂಟು. ಡಬ್ಬಿಗೆ ಮೂರು ಮೂರರಂತೆ ಹಂಚಿ ಸಾಲಾಗಿ ಇಟ್ಟಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಮಧ್ಯಾಹ್ನ ಬಂದ ಮೇಸ್ತ್ರಿ ಮಿಷನ್ನನ್ನು ಓಣಿಗೆ ಎಳೆದುಹಾಕಿ, "ನನ್ನ ಹೆಣ ಎದ್ದ ಮೇಲೆ ಬಂದು ಕೂತ್ಕೋ," ಎಂದ. ಆ ಜಗಳದ ಗಲಾಟೆಯಲ್ಲಿ ಬಿಲ್ಲೆಗಳು ಹೊಳೆಯುತ್ತಿದ್ದುದನ್ನು ಯಾರೂ ನೋಡಲಿಲ್ಲ.

ಸಮನಾಗಿ ಹಂಚುವುದು ಅವಳಿಗೆ ಒಂದು ವ್ರತದಂತಾಗಿತ್ತು. ಅದಕ್ಕೆ ಕಾರಣ ಅತ್ತೆಯ ಸೌಟು. ಬೆಳಗಿನ ಊಟಕ್ಕೆ ಅತ್ತೆ ಬೇಯಿಸಿದ ಮೊಟ್ಟೆ ಹಂಚುವಾಗ ಗಂಡನಿಗೆ ಎರಡು, ಮಗನಿಗೆ ಎರಡು, ಮೊಮ್ಮಗಳಿಗೆ ಒಂದು. ಸೊಸೆಗೆ ಮತ್ತು ತನಗೆ ಸೇರಿ ಒಂದನ್ನು ದಾರದಿಂದ ಸೀಳುತ್ತಿದ್ದಳು.

"ಅಜ್ಜಿ, ಇದು ಪಂಕ್ತಿಭೇದ. ಒಂದೇ ಸಾಲಲ್ಲಿ ಕೂತೋರಿಗೆ ಹೆಚ್ಚು ಕಡಿಮೆ ಬಡಿಸಿದರೆ ಪಾಪ ಬರುತ್ತೆ," ಎಂದಳು ಪಟಾಕಿ.

"ಕೊಡತಿ ಎತ್ತೋನಿಗೆ ಎರಡು, ಪೆನ್ನು ಎತ್ತೋಳಿಗೆ ಒಂದು. ಪಾಪ ಬಂದ್ರೆ ನನಗೆ ಬರಲಿ, ನೀನು ತಿನ್ನು."

"ಅಮ್ಮನೂ ಹನ್ನೆರಡು ಗಂಟೆ ಮಿಷನ್ ತುಳೀತಾಳಲ್ಲ?"

"ಕೂತ್ಕೊಂಡು ತಾನೆ ತುಳಿಯೋದು?" ಎಂದಳು ಅತ್ತೆ.

ಸೊಸೆ ಅರ್ಧ ಮೊಟ್ಟೆಯನ್ನು ನುಂಗಿ ಎದ್ದಳು. ಬಾಡಿ ಕೂರಿಸಿದ ದಿನ ಇದೇ ಸಾಲಿನಲ್ಲಿ ಕೂತು ಮೇಸ್ತ್ರಿ ಹೊಗಳಿದ್ದು ಅವಳಿಗೆ ನೆನಪಿತ್ತು. "ಪಟಾಕಿ ಡಬ್ಬಿ ಕೊಡ್ತಾ ಬಂದಳು, ನಾನು ಹಾಕ್ತಾ ಬಂದೆ. ಎಲ್ಲಾ ಕಡೆ ಮೂರು! ಆ ಕಾಲದ ಕಾರ್ಖಾನೆಯವರ ಅಚ್ಚುಕಟ್ಟು ನೋಡು." ಅವಳಿಗೆ ಆಗ ಸ್ವಲ್ಪ ಖುಷಿಯೇ ಆಗಿತ್ತು. ಅದರಿಂದ ಏನು ಕೆಡುತ್ತದೆ ಎಂಬುದು ತಗಡಿನವರ ವಿದ್ಯೆ, ದಾರದವಳಿಗೆ ಯಾರು ಕಲಿಸಿದ್ದರು?

ಆರು ವಾರ ಅಪ್ಪ ಮಗ ಆ ಬಾಗಿಲಿನೊಂದಿಗೆ ಗುದ್ದಾಡಿದರು. ಮೇಸ್ತ್ರಿ ಕೀಲಿನ ಸಂದಿಗೆ ಮರದ ತುಂಡು ಕೊಟ್ಟು, ಮೊಣಕಾಲೂರಿ, ಬಾಗಿಲನ್ನು ಒತ್ತಿ ಕೀಲು ಬಗ್ಗಿಸಿದ. ಕೆಳಗೆ ಬಿಟ್ಟಿತು, ಮೇಲೆ ಕಚ್ಚಿತು. ಕೀಲಿನ ಹಿಂದೆ ತೆಳು ತಗಡು ಕೊಟ್ಟ. ಮೇಲೆ ಬಿಟ್ಟಿತು, ಬಾಗಿಲಿನ ಗೆರೆ ಬಾಡಿಯ ಗೆರೆಗಿಂತ ಅರ್ಧ ಬೆರಳು ಹೊರಗೆ ಬಂತು. ಲಾಕಿನ ಕೊಂಡಿ ಸರಿಸಿದ. ಬಾಗಿಲು ಮುಚ್ಚಿತು; ಆಮೇಲೆ ತೆಗೆಯಲು ಬರಲಿಲ್ಲ, ಒಳಗೆ ಕೂತಿದ್ದ ಪಟಾಕಿ ಕಿಟಕಿಯಿಂದ ಇಳಿಯಬೇಕಾಯಿತು.

"ತಾತ, ಡಾಕ್ಟರಮ್ಮನ ಅಮ್ಮನಿಗೆ ಎಂಬತ್ತೆಂಟು. ಅವರೂ ಹೀಗೇ ಇಳೀಬೇಕಾ?"

"ನಿನ್ನ ಬಾಯಿಗೆ ಈ ಲಾಕ್ ಹಾಕಬೇಕು," ಎಂದ ಮೇಸ್ತ್ರಿ.

ಪೇಂಟರ್‌ಗೆ ಬಣ್ಣದ ಡಬ್ಬಿ ತೆರೆಯುವ ಆತುರ. ಬಾಗಿಲು ಸರಿಯಾಗಿ ಕೂರುವವರೆಗೆ ಬಣ್ಣ ಹೊಡೆಯುವಂತಿಲ್ಲ. ಆಮೇಲೆ ಕೊಡತಿ ಮುಟ್ಟಿದರೆ ಬಣ್ಣ ಬಿರಿಯುತ್ತದೆ. ದಿನಾ ಬಂದು ನೋಡುತ್ತಿದ್ದ, ದಿನಾ ಒಂದು ಮಾತು ಹಾಕಿ ಹೋಗುತ್ತಿದ್ದ. ಏಳನೇ ವಾರ ಅದು ಮಾತಾಗಿ ಉಳಿಯಲಿಲ್ಲ.

"ಸೋಮವಾರ ಬಿಟ್ಟು ಮುಂದಿನ ಸೋಮವಾರ ಕಟಿಂಗ್ ಮೇಸ್ತ್ರಿ ಬರ್ತಾನೆ," ಎಂದ. ಆಚೆ ರಸ್ತೆಯ ಆ ಬಾಡಿ ಕೆಲಸದವನು ಯಾವ ಕಷ್ಟಕ್ಕೂ ಕೊಯ್ಯುವ ಮಿಷನ್ನನ್ನೇ ಪರಿಹಾರ ಎನ್ನುತ್ತಿದ್ದುದರಿಂದ ಆ ಹೆಸರು.

"ಯಾಕೆ?"

"ಬಾಗಿಲ ಅಂಚು ಕೊಯ್ದು, ಸಂದಿಗೆ ಪಟ್ಟಿ ಮೆತ್ತಿ ಕೂರಿಸ್ತಾನೆ. ಅರ್ಧ ದಿನದ ಕೆಲಸ."

"ಎಪ್ಪತ್ತು ವರ್ಷ ಆಯಸ್ಸಿನ ಬಾಗಿಲು ಕೊಯ್ಯೋದಾ! ಎರಡು ಮಳೆಗಾಲಕ್ಕೆ ಮೆತ್ತಿದ್ದು ಉದುರುತ್ತೆ. ಆಗ ಡಾಕ್ಟರಮ್ಮನಿಗೆ ಏನು ಹೇಳ್ತೀಯ? ನಾನು ಬದುಕಿರೋವರೆಗೆ ಈ ಶೆಡ್ಡಲ್ಲಿ ಬಾಗಿಲು ಕೊಯ್ಯಲ್ಲ."

"ಶೆಡ್ಡಲ್ಲಿ ನೀವು ಇನ್ನು ಕೂರೋದೂ ಬೇಡ. ಮನೇಲಿ ಇರಿ. ಕಣ್ಣು ಕಾಣದೋರ ಕೆಲಸದಿಂದ ನನ್ನ ಬಣ್ಣಕ್ಕೂ ಕೆಟ್ಟ ಹೆಸರು."

"ಯಾರ ಶೆಡ್ಡೋ ಇದು?"

"ದುಡಿಯೋರ ಶೆಡ್ಡು."

ಹೇಳಿದವನು ಅಲ್ಲಿಗೇ ಬಿಡಲಿಲ್ಲ. ಆ ಮಧ್ಯಾಹ್ನವೇ ಬೆಂಚನ್ನು ಎಳೆದು ಬಚ್ಚಲ ಓಣಿಗೆ ನೂಕಿದ. ಕೊಡತಿ, ತಟ್ಟುವಾಗ ತಗಡಿನಡಿ ಹಿಡಿಯುವ ಅಡಿಕಟ್ಟಿಗೆ, ಉಳಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಅದರ ಮೇಲಿಟ್ಟ. ಹೆಂಡತಿಯ ಮಿಷನ್ನನ್ನು ತಾನೇ ಹೊತ್ತು ತಂದು ಕಿಟಕಿಯ ಬುಡಕ್ಕೆ ಇಟ್ಟ. "ತಗೋ. ಅಳ್ತಿದ್ದೆಯಲ್ಲ ಬೆಳಕು ಬೆಳಕು ಅಂತ."

ಕೊಟ್ಟ ರೀತಿ ಅವಳಿಗೆ ಹಿಡಿಸಲಿಲ್ಲ. ಬೆಳಕು ಹಿಡಿಸಿತು. ಬೆಳಗಿನಿಂದ ನಾಲ್ಕರವರೆಗೆ ಎಡಭುಜದ ಮೇಲಿಂದ ನೇರ ಬಟ್ಟೆಗೆ ಬೀಳುವ ಬೆಳಕು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು. ಮೊದಲ ಸೀಟು ಮುಗಿಸಿ ಹೊಲಿಗೆಯನ್ನು ನೋಡಿದರೆ ಗೆರೆ ಎಳೆದಂತಿತ್ತು. ಇಷ್ಟು ನೇರವಾಗಿ ತನಗೆ ಹೊಲಿಯಲು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ, ಅದಕ್ಕೆ ಸಿಟ್ಟೂ ಬಂತು. ಹದಿನಾಲ್ಕು ವರ್ಷ ಓಣಿಯಲ್ಲಿ ಹೊಲಿದದ್ದೆಲ್ಲ ಹೇಗಿತ್ತೋ!

ಎರಡು ದಿನ ಕಳೆದು ಡಾಕ್ಟರಮ್ಮ ಸೀಟಿನ ಬಣ್ಣ ನೋಡಲು ಬಂದಳು. ಬಟ್ಟೆಯನ್ನು ಮೆಚ್ಚಿ, ಆಮೇಲೆ ಬಾಗಿಲ ಮುಂದೆ ನಿಂತು ಕೈಯಿಂದ ಎರಡು ಸಲ ಹಾಕಿ ತೆಗೆದಳು.

"ಕಚ್ಚು ಸರಿಯಿಲ್ಲ," ಎಂದಳು.

"ಸೋಮವಾರ ಅಂಚು ಸ್ವಲ್ಪ ತೆಗೆಸ್ತಾರಂತೆ ಡಾಕ್ಟ್ರೇ," ಎಂದಳು ಸೊಸೆ.

"ನನ್ನ ಹತ್ರಾನೂ ಹೀಗೇ ಬರ್ತಾರಮ್ಮ. ಬಾಯಿ ಮುಚ್ಚಿದರೆ ಹಲ್ಲಿಗೆ ಹಲ್ಲು ಸಿಕ್ಕಿಕೊಳ್ಳುತ್ತೆ, ಹಲ್ಲು ಉಜ್ಜಿಬಿಡಿ ಅಂತ. ನೋಡಿದರೆ ಹಲ್ಲು ಸರಿಯಾಗೇ ಇರುತ್ತೆ. ಕೆಳಗಿನ ದವಡೆ ಕೂತಿರೋದೇ ಸೊಟ್ಟ. ದವಡೆ ಬಿಟ್ಟು ಹಲ್ಲು ಉಜ್ಜಿದರೆ ಹಲ್ಲೂ ಹೋಯ್ತು, ಕಚ್ಚೂ ಹೋಯ್ತು." ಅವಳು ನಕ್ಕು ಕೈಚೀಲ ಎತ್ತಿಕೊಂಡಳು. "ನಿಮ್ಮ ಮಾವ ಎಲ್ಲಿ, ಕಾಣಲಿಲ್ಲ?"

"ಒಳಗಿದ್ದಾರೆ. ಹುಷಾರಿಲ್ಲ."

ಅವಳು ಹೋದ ಮೇಲೆ ಸೊಸೆ ಮಿಷನ್ ತುಳಿಯಲು ಕೂತಳು. ಎದುರಿಗೆ ಕಿಟಕಿಕಟ್ಟೆಯ ಮೇಲೆ ಎಂಟು ಖಾಲಿ ಡಬ್ಬಿಗಳು ಸಾಲಾಗಿದ್ದವು. ಕಾರಿನ ಹಲ್ಲು ಬಾಗಿಲು. ದವಡೆ? ಚಾಸಿಯ ಮೇಲೆ ಕೂತ ಬಾಡಿ. ಅದು ಕೂತಿರುವುದು ಯಾವುದರ ಮೇಲೆ? ಮೂರು ಮೂರು ಬಿಲ್ಲೆಯ ಮೇಲೆ. ಹಂಚಿದವರು ಯಾರು? ತಾನೇ. ಮೇಸ್ತ್ರಿ ಡಬ್ಬಿಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದೇ ಒಳಗಿನ ಲೆಕ್ಕ ಬೇರೆ ಬೇರೆ ಇದ್ದದ್ದಕ್ಕೆ! ಎಲ್ಲದರಲ್ಲೂ ಮೂರೇ ಇದ್ದಿದ್ದರೆ ಅವನಿಗೆ ಎಂಟು ಡಬ್ಬಿ ಯಾಕೆ ಬೇಕಿತ್ತು, ಒಂದು ಸಾಕಿತ್ತು.

ಈಗ ಎದ್ದು ಹೋಗಿ ಹೇಳಿದರೆ ಮುದುಕನ ಮಾನ ಉಳಿಯುತ್ತದೆ, ಬೆಂಚು ಕಿಟಕಿಗೆ ಬರುತ್ತದೆ, ಅವಳು ಬಚ್ಚಲಿಗೆ ಹೋಗುತ್ತಾಳೆ. ಹೇಳದಿದ್ದರೆ ಬಾಗಿಲು ಕೊಯ್ಯುತ್ತಾರೆ, ಬೆಳಕು ಅವಳದಾಗುತ್ತದೆ. ಅವಳು ತಲೆ ತಗ್ಗಿಸಿ ಮಿಷನ್ ತುಳಿದಳು. ಅಂದು ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ಹೇಳಬೇಕೆನ್ನಿಸಿದಾಗೆಲ್ಲ ಮಾವನೇ ಬಂದು ಅವಳ ಬಾಯಿಗೆ ಬೀಗ ಹಾಕುತ್ತಿದ್ದ. ಶೆಡ್ಡಿನ ಬಾಗಿಲಲ್ಲಿ ನಿಂತು, "ಸಿಕ್ತಲ್ಲ ಕಿಟಕಿ. ಇನ್ನು ಹಾಡು ಹೇಳ್ಕೊಂಡು ಹೊಲಿ. ಗಂಡನ ಕಿವಿ ಕಚ್ಚಿದ್ದು ಸಾರ್ಥಕವಾಯ್ತು," ಎಂದ.

"ನಾನು ಯಾರ ಕಿವಿಯೂ ಕಚ್ಚಿಲ್ಲ ಮಾವ."

"ಕಚ್ಚೋರು ಕಚ್ಚಿದೆ ಅಂತ ಹೇಳ್ತಾರಾ?"

ಸಾಯಲಿ ಅತ್ಲಾಗೆ, ಎಂದುಕೊಂಡಳು. ಹಾಗೆ ಇನ್ನೂ ಎಂಟು ದಿನ ಹೋಯಿತು.

ಆದರೆ ದಿನಾ ಬೆಳಿಗ್ಗೆ ಮೊಟ್ಟೆ ಹಂಚಲೇಬೇಕಲ್ಲ. ಬೆಂಚು ಓಣಿಗೆ ಹೋದ ಮರುದಿನ ಅತ್ತೆ ಗಂಡನ ತಟ್ಟೆಗೆ ಒಂದೇ ಮೊಟ್ಟೆ ಹಾಕಿದಳು. ಅವನು ತಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ. "ಮನೇಲಿ ಕೂತೋರಿಗೆ ಎಷ್ಟು ಬೇಕು? ಅರಗಬೇಕಲ್ಲ," ಎಂದಳು ಅವಳು. ಮಗನಿಗೆ ಮೂರು ಬಿತ್ತು. ಬಡಿಸುವವರು ನಮ್ಮವರಾದರೆ ಎಲ್ಲಿ ಕೂತರೇನು ಎನ್ನುತ್ತಾರೆ. ನಲವತ್ತೈದು ವರ್ಷ ತನ್ನವಳೇ ಆಗಿದ್ದ ಬಡಿಸುವವಳು ಒಂದೇ ದಿನದಲ್ಲಿ ಮಗನವಳಾಗಿದ್ದಳು. ಕೊಡತಿ ಮೇಸ್ತ್ರಿ ಏನೂ ಅನ್ನದೆ ತಿಂದೆದ್ದ. ಅವನು ಒಂದು ಬೈಗುಳ ಬೈದಿದ್ದರೆ ಸೊಸೆಗೆ ಸಮಾಧಾನವಾಗುತ್ತಿತ್ತು.

ಕಟಿಂಗ್ ಮೇಸ್ತ್ರಿ ಬರುವ ಸೋಮವಾರ ಬಂತು. ಹತ್ತು ಗಂಟೆಗೆ ಬರುತ್ತೇನೆಂದಿದ್ದ. ಎಂಟಕ್ಕೆ ಎಲ್ಲರೂ ಊಟಕ್ಕೆ ಕೂತರು. ಅಂದು ಮೊಟ್ಟೆ ಕಡಿಮೆಯಿತ್ತು. ಅತ್ತೆ ದಾರ ತೆಗೆದುಕೊಂಡು ಒಂದು ಮೊಟ್ಟೆ ಸೀಳಿ ಅರ್ಧವನ್ನು ಸೊಸೆಯ ತಟ್ಟೆಗೆ ಹಾಕಿದಳು, ಇನ್ನರ್ಧವನ್ನು ಗಂಡನ ತಟ್ಟೆಗೆ.

ಮೇಸ್ತ್ರಿ ಅರ್ಧ ಮೊಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಪಾತ್ರೆಗೆ ವಾಪಸ್ ಇಟ್ಟ.

"ಕೊಬ್ಬು ನೋಡು," ಎಂದಳು ಅತ್ತೆ.

"ಅಜ್ಜಿ, ತಾತನಿಗೆ—" ಪಟಾಕಿ ಶುರುಮಾಡಿದಳು.

"ನೀನು ಸುಮ್ಮನಿರು," ಎಂದ ಪೇಂಟರ್. "ಬಾಗಿಲು ಕೂರಿಸಲಾಗದಿದ್ದರೂ ಸಿಟ್ಟಿಗೇನೂ ಕಡಿಮೆಯಿಲ್ಲ ಇವರಿಗೆ."

ಸೊಸೆ ತನ್ನ ತಟ್ಟೆಯ ಅರ್ಧ ಮೊಟ್ಟೆಯನ್ನು ನೋಡಿದಳು. ಹದಿನಾಲ್ಕು ವರ್ಷದಿಂದ ತನಗೆ ಬೀಳುತ್ತಿದ್ದ ಅರ್ಧವೇ ಅದು. ಅದರ ಜೊತೆಯ ಅರ್ಧ ಈ ಮನುಷ್ಯನ ತಟ್ಟೆಗೆ ಬಿದ್ದದ್ದನ್ನು ನೋಡಲು ಎಷ್ಟು ಸಲ ಆಸೆಪಟ್ಟಿದ್ದಳೋ. ಬಿದ್ದಾಗ ಅವಳು ತನ್ನ ತಟ್ಟೆಯನ್ನು ಮುಂದಕ್ಕೆ ನೂಕಿದಳು.

"ಬಾಗಿಲು ಕೆಡಿಸಿದ್ದು ಅವರಲ್ಲ," ಎಂದಳು. "ನಾನು."

ಯಾರಿಗೂ ಅರ್ಥವಾಗಲಿಲ್ಲ.

"ಮಾವ ಆಸ್ಪತ್ರೆಗೆ ಹೋದ ದಿನ ಡಬ್ಬಿಯ ಬಿಲ್ಲೆ ಎಲ್ಲಾ ಒಂದೇ ಕಡೆ ಸುರಿದು ತೊಳೆದೆ. ಆಮೇಲೆ ಮೂರು ಮೂರು ಹಾಕಿಟ್ಟೆ. ಮೊದಲು ಎಷ್ಟಿತ್ತೋ ನೋಡಲಿಲ್ಲ."

ಪೇಂಟರ್ ಕೈಲಿದ್ದ ಲೋಟ ಕೆಳಗಿಟ್ಟ. "ನಿನಗೆ ಬುದ್ಧಿ ಇದೆಯೇನೇ? ಎರಡು ತಿಂಗಳು! ಎರಡು ತಿಂಗಳು ನಾವು ಅದರ ಜೊತೆ ಸಾಯ್ತಾ ಇದ್ದೀವಿ!"

"ನೀವು ಸಾಯ್ತಿರಲಿಲ್ಲ. ನಿಮ್ಮಪ್ಪನ್ನ ಸಾಯಿಸ್ತಿದ್ರಿ."

"ಮುಚ್ಚು ಬಾಯಿ!"

"ಇಷ್ಟು ದಿನ ಮುಚ್ಚಿದ್ದು ಸಾಕು."

ಮೇಸ್ತ್ರಿ ಮಾತ್ರ ಮಗನನ್ನು ನೋಡಲಿಲ್ಲ. ಸೊಸೆಯ ಕಡೆಗೇ ಮುಖ ಮಾಡಿದ್ದ. "ಬಾಗಿಲು ಕೆಟ್ಟದ್ದು ಇದರಿಂದ ಅಂತ ಯಾವಾಗ ಗೊತ್ತಾಯ್ತು ನಿನಗೆ?"

"ಡಾಕ್ಟರಮ್ಮ ಬಂದ ದಿನ."

"ಹತ್ತು ದಿನ."

"ಹತ್ತು ದಿನ."

"ಹತ್ತು ದಿನ ನನ್ನ ಎದುರು ಕೂತು ಉಂಡೆ."

ಅವಳು ತಲೆ ತಗ್ಗಿಸಲಿಲ್ಲ. ಅವನು ಕೈ ತೊಳೆಯದೆ ಎದ್ದ. ಬಾಗಿಲವರೆಗೆ ಹೋಗಿ ತಿರುಗಿ, "ಎದ್ದು ಬಾ. ನನಗೆ ಸಂದು ಕಾಣಲ್ಲ," ಎಂದ.

ಶೆಡ್ಡಿನಲ್ಲಿ ಅವನು ಚೀಲ ಸುರಿದು ಸ್ಪ್ಯಾನರ್ ಹುಡುಕಿಕೊಂಡ. ತಾನು ಬಗ್ಗಿಸಿದ್ದ ಕೀಲು, ಸರಿಸಿದ್ದ ಕೊಂಡಿಗಳನ್ನು ಮೊದಲಿನಂತೆ ಮಾಡಿ, ಕಾರಿನ ಕೆಳಗೆ ಮಲಗಿ ಎಂಟೂ ಬೋಲ್ಟು ಸಡಿಲಿಸಿದ. ಜಾಕು ಕೊಟ್ಟು ಒಂದು ಮೂಲೆ ಎತ್ತುವುದು, ಬಿಲ್ಲೆ ಸೇರಿಸುವುದು ಇಲ್ಲವೇ ತೆಗೆಯುವುದು, ಇಳಿಸುವುದು, ಬಾಗಿಲು ಹಾಕಿ ನೋಡುವುದು. ನೋಡುವವಳು ಸೊಸೆ. ಸೀಟಿನ ಬಟ್ಟೆಯ ಒಂದು ತುಂಡನ್ನು ಮಡಿಸಿ ಮಡಿಸಿ ಬಾಗಿಲ ಸಂದಿಗೆ ತೂರಿಸಿ ಅವಳು ಅಳತೆ ಕೂಗುತ್ತಿದ್ದಳು.

"ಮೇಲೆ ಐದು ಮಡಿಕೆ. ಕೆಳಗೆ ಎರಡು."

"ಮುಂದಿನದಕ್ಕೆ ಇನ್ನೊಂದು. ಪಟಾಕಿ, ಬಿಲ್ಲೆ."

"ಮೇಲೆ ನಾಲ್ಕೂವರೆ. ಕೆಳಗೆ ಮೂರು."

"ಇನ್ನೊಂದು. ಸರಿಯಾಗಿ ನೋಡಿ ಹೇಳು, ಕಣ್ಣಿದೆಯಲ್ಲ ನಿನಗೆ!"

"ನೋಡಿಯೇ ಹೇಳ್ತಿದೀನಿ. ನೀವು ಸರಿಯಾಗಿ ಎತ್ತಿ."

ಹತ್ತು ಗಂಟೆಗೆ ಕಟಿಂಗ್ ಮೇಸ್ತ್ರಿ ಮಿಷನ್ ಹೆಗಲಿಗೆ ಹಾಕಿಕೊಂಡು ಬಂದ. ಪೇಂಟರ್ ಅವನನ್ನು ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿಕೊಂಡ. ಇಬ್ಬರೂ ಮೊದಲು ನಕ್ಕರು, ಆಮೇಲೆ ಟೀ ಕುಡಿದರು, ಆಮೇಲೆ ಬಗ್ಗಿ ನೋಡತೊಡಗಿದರು. ಊಟದ ಹೊತ್ತು ಕಳೆಯಿತು, ಯಾರೂ ಏಳಲಿಲ್ಲ. ಮೂರು ಗಂಟೆಯ ಸುಮಾರಿಗೆ ಸೊಸೆ ಬಟ್ಟೆಯ ತುಂಡನ್ನು ಬಾಗಿಲ ಸುತ್ತ ಒಂದೇ ಸಮನೆ ಎಳೆದುಕೊಂಡು ಬಂದಳು. ಅದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಎಲ್ಲೂ ಜಾರಿ ಬೀಳಲಿಲ್ಲ.

"ಮೇಲೆ ನಾಲ್ಕು. ಕೆಳಗೆ ನಾಲ್ಕು. ಹಿಂದೆ ನಾಲ್ಕು."

"ಆಚೆ ಬದಿ?"

"ಅಲ್ಲೂ ನಾಲ್ಕು."

"ಪಟಾಕಿ, ಬಿಲ್ಲೆ ಎಷ್ಟು ಉಳೀತು?"

"ಒಂದೂ ಇಲ್ಲ ತಾತ. ಐದು, ಎರಡು, ನಾಲ್ಕು, ಒಂದು. ಆ ಕಡೆ ಮೂರು, ಎರಡು, ನಾಲ್ಕು, ಮೂರು. ಇಪ್ಪತ್ತನಾಲ್ಕೂ ಹೋಯ್ತು."

ಮೇಸ್ತ್ರಿ ಕಾರಿನ ಕೆಳಗಿಂದ ತೆವಳಿ ಬಂದು, ಎದ್ದು, ಒಂದು ಬೆರಳಿನಿಂದ ಬಾಗಿಲನ್ನು ತಳ್ಳಿದ. ಟಕ್ ಎಂದಿತು. ಆ ಮನೆಯಲ್ಲಿ ಎರಡು ತಿಂಗಳಲ್ಲಿ ಮೆಲ್ಲಗೆ ಹಾಕಿಕೊಂಡ ಬಾಗಿಲು ಅದೊಂದೇ.

ಕಟಿಂಗ್ ಮೇಸ್ತ್ರಿ ತಾನೂ ಒಮ್ಮೆ ತೆಗೆದು ಹಾಕಿದ. "ಏನಾಗಿತ್ತು ಮೇಸ್ತ್ರಿ?"

ಪೇಂಟರ್ ಬಾಯಿ ತೆರೆದು ಹೆಂಡತಿಯ ಕಡೆ ಕೈ ತೋರಿಸುವಷ್ಟರಲ್ಲಿ ಮುದುಕ ಅಡ್ಡ ಬಂದ. "ನನ್ನದೇ ತಪ್ಪು. ಬಿಲ್ಲೆ ಅದಲು ಬದಲಾಗಿತ್ತು. ಎಂಟು ಕಡೆಯೂ ಮೂರು ಅಂದಾಗಲೇ ನನಗೆ ಹೊಳೀಬೇಕಿತ್ತು. ಹುಟ್ಟಿದಾಗಿನಿಂದ ಸಮ ಇರೋ ಚಾಸಿ ಯಾವುದಿದೆ? ಪಂಕ್ತಿಭೇದ ಮಾಡಿಯೇ ಅದನ್ನ ಸಮ ಮಾಡಬೇಕು. ನಲವತ್ತು ವರ್ಷ ಈ ಕೆಲಸ ಮಾಡಿಯೂ ಮರೆತೆ."

ಕಟಿಂಗ್ ಮೇಸ್ತ್ರಿ ತನ್ನ ಮಿಷನ್ ಹೊತ್ತುಕೊಂಡು ಹೋದ. ಪೇಂಟರ್ ಮನೆಯೊಳಗೆ ಹೋದ. ಆ ಬಾಗಿಲು ಮಾತ್ರ ದಡಾರ್ ಎಂದಿತು. ಪಟಾಕಿ ಹಸಿವೆಂದು ಅವನ ಹಿಂದೆ ಓಡಿದಳು.

"ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದು ಕೇಳಿದಳು ಸೊಸೆ.

"ಕೊಡತಿ ಮೇಸ್ತ್ರಿಯ ಕಾರು ಸೊಸೆಯ ಬೋಗುಣೀಲಿ ಕೆಟ್ಟಿತು ಅಂತ ಬೀದಿ ತುಂಬ ಸಾರಿಸಿಕೊಳ್ಳಲಾ? ನಿನ್ನ ಮೇಲಿನ ಪ್ರೀತಿಗೆ ಅಂತ ತಿಳ್ಕೋಬೇಡ."

"ತಿಳ್ಕೊಂಡಿಲ್ಲ."

ಅವಳು ಕಿಟಕಿಯ ಬುಡಕ್ಕೆ ಹೋಗಿ, ಹೊಲಿದು ಮುಗಿದ ಸೀಟನ್ನು ಪಕ್ಕಕ್ಕಿಟ್ಟು, ಮಿಷನ್ನಿನ ಒಂದು ಬದಿ ಎತ್ತಿದಳು.

"ಎಲ್ಲಿಗೆ?"

"ನನ್ನ ಜಾಗಕ್ಕೆ. ಬಚ್ಚಲ ಪಕ್ಕಕ್ಕೆ. ನಿಮ್ಮ ಬೆಂಚು ತಂದುಕೊಳ್ಳಿ."

ಅವನು ಪಕ್ಕಕ್ಕಿಟ್ಟ ಸೀಟಿನ ಮೇಲೆ ಕೈಯಾಡಿಸಿದ. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳನ್ನು ಮೆಲ್ಲಗೆ ಎಳೆದ, ಈ ತುದಿಯಿಂದ ಆ ತುದಿಗೆ.

"ಇದು ನೇರ ಇದೆ," ಎಂದ. "ಓಣೀಲಿ ಹೊಲಿದದ್ದೆಲ್ಲ ಸೊಟ್ಟ ಇರ್ತಿತ್ತು. ಎಲ್ಲಾ ಸೀಟೂ, ಎಡಗಡೆ ಒಂದು ನೂಲು ವಾಲ್ತಿತ್ತು."

ಅವಳ ಕೈಯಿಂದ ಮಿಷನ್ ಕೆಳಗೆ ಕೂತಿತು. "ನಿಮಗೆ ಕಂಡಿತ್ತಾ?"

"ಕಣ್ಣು ಕಾಣೋ ಕಾಲದಲ್ಲಿ ಕಂಡಿತ್ತು."

"ಬೆಳಕಿಲ್ಲದೆ ಸೊಟ್ಟ ಆಗ್ತಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ."

"ಹೇಳಿದ್ದರೆ ಕಿಟಕಿ ಕೊಡಬೇಕಾಗ್ತಿತ್ತು." ಅವನು ಮುಖ ತಿರುಗಿಸಿದ. "ನೀನು ಹೇಳಿದ್ಯಾ?"

"ನನ್ನದು ಹತ್ತು ದಿನ ಮಾವ. ನಿಮ್ಮದು ಹದಿನಾಲ್ಕು ವರ್ಷ."

ಮುದುಕ ಮತ್ತೆ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟ.

"ನಾನು ಇದನ್ನ ಮರೆಯಲ್ಲ," ಎಂದಳು ಅವಳು.

"ಮರೀಬೇಡ. ನಾನೂ ಆ ಹತ್ತು ದಿನ ಮರೆಯಲ್ಲ."

ಅವಳು ಮಿಷನ್ನನ್ನು ಮತ್ತೆ ಎತ್ತಿದಳು. ಓಣಿಯ ಕಡೆಗಲ್ಲ. ಕಿಟಕಿಯ ನಟ್ಟನಡುವಿಗೆ ಎಳೆದು ತಂದು, ಬೆಳಕು ಎಡಭುಜದ ಮೇಲೆ ಬೀಳುವಂತೆ ಕೂರಿಸಿ, ಬಾಗಿಲ ಒಳಹೊದಿಕೆಯ ಬಟ್ಟೆಯನ್ನು ಸೂಜಿಯ ಕೆಳಗೆ ಕೊಟ್ಟಳು. ಮುದುಕ ಓಣಿಗೆ ಹೋದ. ಆಮೇಲೆ ಓಣಿಯಿಂದ ಬೆಂಚಿನ ಕಾಲು ನೆಲಕ್ಕೆ ಉಜ್ಜುತ್ತಾ ಬರುವ ಸದ್ದು ಕೇಳಿತು. ಅವನು ಅದನ್ನು ಒಬ್ಬನೇ ಎಳೆಯುತ್ತಿದ್ದ. ಬೆಂಚು ಅವಳ ಮಿಷನ್ನಿನ ಪಕ್ಕಕ್ಕೆ ಬಂದು ತಾಗಿ ನಿಂತಿತು. ಕಿಟಕಿಗೆ ಇನ್ನೂ ಒಂದು ಮೊಳ ದೂರವಿತ್ತು.

"ಸ್ವಲ್ಪ ಸರಿ," ಎಂದ.

ಅವಳು ಸರಿಯಲಿಲ್ಲ.